ಟ್ರೀಟ್‌ಮೆಂಟ್ ಮುಗಿದಿದ್ದಕ್ಕೆ ಶಾಲು, ಹಾರ, ಫ್ಲೆಕ್ಸ್. ಬೇಡ ಅನ್ನೋದು ಹೇಗೆ?

ಗೋಣಿಕೊಪ್ಪದಾಕೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ನನಗೆ ಸ್ತನದ ಕ್ಯಾನ್ಸರ್ ಆಗಿತ್ತು. ಮೊದಲು ಕೀಮೋ, ಆಮೇಲೆ ಆಪರೇಷನ್, ಕೊನೆಗೆ ಮೈಸೂರಿನಲ್ಲಿ ರೂಮ್ ಮಾಡಿಕೊಂಡಿದ್ದು ರೇಡಿಯೇಷನ್. ಅದೂ ಮುಗಿದು ಈಗ ಮನೆಯಲ್ಲಿದ್ದೇನೆ. ಇನ್ನು ದಿನಕ್ಕೊಂದು ಮಾತ್ರೆ, ಐದು ವರ್ಷ. "ಸದ್ಯಕ್ಕೆ ಎಲ್ಲ ಚೆನ್ನಾಗಿದೆ" ಅಂದರು ಡಾಕ್ಟರ್. ಆ "ಸದ್ಯಕ್ಕೆ" ಕೇಳಿಸಿದ್ದು ನನಗೊಬ್ಬಳಿಗೇ ಅಂತ ಕಾಣುತ್ತದೆ. ನಮ್ಮ ಯಜಮಾನರಿಗೆ, ಮೈದುನನಿಗೆ, ಓರಗಿತ್ತಿಗೆ ಎಲ್ಲರಿಗೂ "ಚೆನ್ನಾಗಿದೆ" ಅಷ್ಟೇ ಕೇಳಿಸಿದೆ.

ವಿಷಯ ಏನೆಂದರೆ, ಮೈದುನ ದೊಡ್ಡ ಪ್ಲ್ಯಾನ್ ಹಾಕಿದ್ದಾನೆ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಹೇಗೂ ಒಕ್ಕದವರೆಲ್ಲ, ಅಂದರೆ ಮನೆತನದವರೆಲ್ಲ, ಐನ್‌ಮನೆಗೆ (ಹಿರಿಯರ ಮೂಲ ಮನೆಗೆ) ಬರುತ್ತಾರೆ, ಅದಾದ ಮೇಲಿನ ಭಾನುವಾರ ಸಮಾಜದ ಹಾಲ್‌ನಲ್ಲಿ ಊಟ ಹಾಕಿಸೋಣ ಅಂತ. ಮುನ್ನೂರು ಜನ. ನನ್ನನ್ನು ಸ್ಟೇಜ್ ಮೇಲೆ ಕೂರಿಸಿ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಫ್ಲೆಕ್ಸ್ ಡಿಸೈನ್ ಆಗಲೇ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದೆ: "ಕ್ಯಾನ್ಸರ್ ಗೆದ್ದ ನಮ್ಮ ವೀರವನಿತೆ". ಹಾಕಿರುವ ಫೋಟೋ ಹಳೇದು, ಕೂದಲು ಸೊಂಟದವರೆಗೆ ಇದ್ದಾಗಿನದು. ಈಗ ನನ್ನ ತಲೆ ನೋಡಿದರೆ ಯಾರಿಗೂ ಅದು ನಾನು ಅಂತ ಗೊತ್ತಾಗುವುದಿಲ್ಲ.

ಇನ್ನೊಂದು, ಆಸ್ಪತ್ರೆಯಲ್ಲಿ ಟ್ರೀಟ್‌ಮೆಂಟ್ ಮುಗಿಸಿದವರು ಬಾರಿಸುವ ಒಂದು ಗಂಟೆ ಇದೆ, ಕೊನೆ ದಿನ ನಾನು ಅದನ್ನು ಬಾರಿಸಿದ ವಿಡಿಯೋ ಇದೆ. ಅದನ್ನು ದೊಡ್ಡ ಪರದೆ ಮೇಲೆ ಹಾಕುತ್ತಾರಂತೆ. ಬಾರಿಸಿದ್ದು ನಿಜ. ಸಿಸ್ಟರ್‌ಗಳು ಪ್ರೀತಿಯಿಂದ ಕರೆದರು, ಎಲ್ಲರೂ ಚಪ್ಪಾಳೆ ತಟ್ಟಿದರು, ಆ ಗಳಿಗೆಯಲ್ಲಿ ನನಗೂ ಖುಷಿಯೇ ಆಯಿತು. ಆದರೆ ಆ ಗಂಟೆ ಇರುವುದು ಕೀಮೋ ಕೊಡುವ ವಾರ್ಡಿನ ಬಾಗಿಲ ಹತ್ತಿರ. ಒಳಗೆ ಡ್ರಿಪ್ ಹಾಕಿಸಿಕೊಂಡು ಕೂತವರಿಗೆಲ್ಲ ಕೇಳಿಸುತ್ತದೆ. ಅಲ್ಲಿ ಪಿರಿಯಾಪಟ್ಟಣದ ಕಡೆಯ ಒಬ್ಬರಿದ್ದಾರೆ, ನಾವಿಬ್ಬರೂ ಕೀಮೋ ಶುರು ಮಾಡಿದ್ದು ಒಂದೇ ವಾರ. ಅವರ ಮಗಳು ತಂದ ಮಜ್ಜಿಗೆಯನ್ನು ನಾನು ಕುಡಿದಿದ್ದೇನೆ, ನಮ್ಮ ಮನೆ ಕಿತ್ತಳೆ ಅವರು ತಿಂದಿದ್ದಾರೆ. ಅವರಿಗೆ ಈಗ ಲಿವರ್‌ಗೆ ಹರಡಿದೆ. ಔಷಧಿ ಕೆಲಸ ಮಾಡುವವರೆಗೆ ಅದನ್ನು ಕೊಡುತ್ತಾರೆ, ಮಾಡದಿದ್ದರೆ ಇನ್ನೊಂದು. ಅವರಿಗೆ ಕೊನೆ ದಿನ ಅನ್ನೋದೇ ಇಲ್ಲ. ವಿಡಿಯೋದಲ್ಲಿ ನನ್ನ ಹಿಂದೆ, ಬಾಗಿಲ ಆಚೆ, ಅವರ ಕುರ್ಚಿಯ ಅರ್ಧ ಕಾಣುತ್ತದೆ. ಬೇರೆ ಯಾರೂ ಅದನ್ನು ನೋಡುವುದಿಲ್ಲ. ನಾನು ಅದನ್ನೇ ನೋಡುತ್ತೇನೆ.

ಹಾಗಂತ ನನಗೆ ಸಂತೋಷವೇ ಇಲ್ಲ ಅಂತಲ್ಲ. ಬಾಯಿಗೆ ರುಚಿ ವಾಪಸ್ ಬಂದ ದಿನ ಕಡಂಬುಟ್ಟು, ಪಂದಿಕರಿ ತಿಂದು ಅತ್ತುಬಿಟ್ಟಿದ್ದೇನೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರಲ್ಲ, ದಿನಾ ಬೆಳಿಗ್ಗೆ ಹಾಗೆ ಅನಿಸುತ್ತದೆ. ರಾತ್ರಿ ಮಲಗುವಾಗ ಆ ದೊಣ್ಣೆ ಎಲ್ಲಿ ಹೋಯಿತು ಅಂತ ಯೋಚನೆ.

ಮತ್ತೆ ತಮಾಷೆ ನೋಡಿ. ಶುರುವಿನಲ್ಲಿ ನಮ್ಮ ಅತ್ತೆಯೇ "ಯಾರಿಗೂ ಹೇಳಬೇಡ, ಗರ್ಭಕೋಶದ ಆಪರೇಷನ್ ಅಂತ ಹೇಳು, ನಾಳೆ ಮೊಮ್ಮಗಳಿಗೆ ಗಂಡು ನೋಡಬೇಕು" ಅಂದಿದ್ದರು. ಈಗ ಅದೇ ಅತ್ತೆ ಹಾಲ್ ಬುಕ್ ಮಾಡಿ ಅಂತ ಕೂತಿದ್ದಾರೆ. ನನಗಾಗಿ ಇಷ್ಟು ಓಡಾಡಿದವರ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋಕೆ ಬಾಯಿ ಬರುವುದಿಲ್ಲ. ಹೂಂ ಅನ್ನೋಕೂ ಆಗುವುದಿಲ್ಲ.

ಇಲ್ಲಿ ಯಾರಾದರೂ ಹೀಗೆ ಕಾರ್ಯಕ್ರಮ ಮಾಡಿಸಿಕೊಂಡಿದ್ದೀರಾ? ಅಥವಾ ಬೇಡ ಅಂದಿದ್ದೀರಾ? ಆಮೇಲೆ ಏನನಿಸಿತು?

ಸೋಮವಾರಪೇಟೆಯವ:

ಅಕ್ಕ, ಮೊದಲು ಒಳ್ಳೇದಾಗಲಿ ನಿಮಗೆ. ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಾಡಿ. ಶಾಲು, ಫ್ಲೆಕ್ಸ್ ಬಿಟ್ಟಾಕಿ, ಆದರೆ ಊರಿಗೆ ಗೊತ್ತಾಗಲಿ.

ನಮ್ಮ ಚಿಕ್ಕಮ್ಮ ಒಬ್ಬರು ಗಂಟು ಇದೆ ಅಂತ ಗೊತ್ತಿದ್ದೂ ಒಂದು ಮಳೆಗಾಲ ಪೂರ್ತಿ ಯಾರಿಗೂ ಹೇಳಲಿಲ್ಲ. ಅರಿಶಿನ ಅರೆದು ಹಚ್ಚಿಕೊಳ್ಳುತ್ತಿದ್ದರು. ಗಂಟು ಒಡೆದು ವಾಸನೆ ಬಂದಾಗಲೇ ನಮಗೆ ಗೊತ್ತಾಗಿದ್ದು. ಯಾಕೆ ಹೇಳಲಿಲ್ಲ ಅಂದರೆ, "ಹೇಳಿ ಏನು ಪ್ರಯೋಜನ, ಆ ಕಾಯಿಲೆ ಬಂದವರು ಯಾರು ಉಳಿದಿದ್ದಾರೆ" ಅಂದರು. ಆಗ ನಮಗೂ ಯಾರ ಹೆಸರೂ ಬಾಯಿಗೆ ಬರಲಿಲ್ಲ. ಅವರು ಹೋದ ಮೇಲೆ, ನಮ್ಮ ಬೀದಿಯಲ್ಲೇ ಇಬ್ಬರು ಆಪರೇಷನ್ ಮಾಡಿಸಿಕೊಂಡು ಆರಾಮಾಗಿದ್ದಾರೆ ಅಂತ ತಿಳಿಯಿತು. ಸತ್ತವರ ಕ್ಯಾನ್ಸರ್ ಮಾತ್ರ ಊರಿಗೆ ಗೊತ್ತು, ಬದುಕಿದವರದ್ದೆಲ್ಲ ಗರ್ಭಕೋಶದ ಆಪರೇಷನ್. ಹೀಗಿದ್ದರೆ ಹೆಂಗಸರು ಯಾವ ಧೈರ್ಯದ ಮೇಲೆ ಆಸ್ಪತ್ರೆಗೆ ಹೋಗಬೇಕು ಹೇಳಿ?

ನಮ್ಮ ದೇಶದಲ್ಲಿ ಹೆಂಗಸರಿಗೆ ಅತಿ ಹೆಚ್ಚು ಬರುವ ಕ್ಯಾನ್ಸರ್ ಇದೇ. ಬೇಗ ಹೋದರೆ ಉಳಿಯುವ ಸಾಧ್ಯತೆ ಜಾಸ್ತಿ ಅಂತ ಗೋಡೆ ಮೇಲೆ ಬರೆದರೆ ಯಾರೂ ಓದುವುದಿಲ್ಲ. ನಿಮ್ಮ ಹಾಗೆ ಒಬ್ಬರು ಎದುರಿಗೆ ನಿಂತು ಊಟ ಬಡಿಸಿದರೆ ನಂಬುತ್ತಾರೆ. ಒಬ್ಬಳೇ ಒಬ್ಬಳು ಅವತ್ತು ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಮುಟ್ಟಿ ನೋಡಿಕೊಂಡರೂ ಸಾಕು.

ಮಾದಾಪುರದ ತೋಟದವ:

ಪುತ್ತರಿ ಕಳೆದ ಭಾನುವಾರ ಮುನ್ನೂರು ಜನಾನಾ? ಅರೇಬಿಕಾ ಕಾಫಿ ಕುಯ್ಲಿನ ಹೊತ್ತಿಗೆ? ನಿಮ್ಮ ಮೈದುನನಿಗೆ ತೋಟ ಇಲ್ಲ ಅಂತ ಕಾಣುತ್ತದೆ. ಈ ಕಡೆಯವರು ಯಾರೂ ಬರುವುದಿಲ್ಲ, ಅರ್ಧ ಊಟ ಮಿಗುತ್ತದೆ ಅಂತ ಹೇಳಿ ನೋಡಿ ಅಕ್ಕ. ಭಾವನೆ ಎಲ್ಲ ವಿವರಿಸೋದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

ಪಾಲಿಬೆಟ್ಟದ ಟೀಚರ್:

ನಾನು ಮಾಡಿಸಿಕೊಂಡವಳು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಶಾಲೆಯಲ್ಲಿ ಸ್ಟಾಫ್ ಎಲ್ಲ ಸೇರಿ ಕೇಕ್ ತಂದಿದ್ದರು. ಮಕ್ಕಳು ಗ್ರೀಟಿಂಗ್ ಕಾರ್ಡ್ ಬರೆದಿದ್ದರು. ಫೋಟೋ ತೆಗೆದು ಎಲ್ಲ ಕಡೆ ಹಾಕಿದರು, ಗೊತ್ತಿಲ್ಲದವರೆಲ್ಲ ಬಂದು ಶುಭಾಶಯ ಹೇಳಿದರು. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಎರಡು ವರ್ಷ ಕಳೆದು ಬೆನ್ನುನೋವು ಅಂತ ತೋರಿಸಲು ಹೋದರೆ ಮೂಳೆಗೆ ಬಂದಿತ್ತು.

ಆಮೇಲೆ ಕೇಳಿದ ಮಾತುಗಳನ್ನು ನಾನು ಮರೆಯುವುದಿಲ್ಲ. "ಅವತ್ತು ಅಷ್ಟು ಆರ್ಭಟ ಮಾಡಿದ್ರಲ್ಲ, ಕಣ್ಣು ತಾಗಿರಬೇಕು" ಅಂತ ಒಬ್ಬರು. "ವಾಸಿ ಆಯಿತು ಅಂದಿದ್ರಿ?" ಅಂತ ಇನ್ನೊಬ್ಬರು, ನಾನೇನೋ ಮೋಸ ಮಾಡಿದ ಹಾಗೆ. ಅದಕ್ಕಿಂತ ಕೆಟ್ಟದ್ದು ನನ್ನ ಒಳಗೇ ಇತ್ತು. ಆ ಕಾರ್ಡುಗಳನ್ನು ಬರೆದ ಮಕ್ಕಳ ಮುಖ ನೋಡೋಕೆ ನಾಚಿಕೆ ಆಗುತ್ತಿತ್ತು. ಕಾಯಿಲೆ ವಾಪಸ್ ಬಂದಿದ್ದಕ್ಕೆ ರೋಗಿಗೆ ನಾಚಿಕೆ! ಎಂಥ ಅನ್ಯಾಯ ನೋಡಿ. ಇದಕ್ಕೆಲ್ಲ ಕಾರಣ ಆ "ಗೆದ್ದೆ" ಅನ್ನುವ ಲೆಕ್ಕ. ನಾನು ಅವತ್ತು ಗೆದ್ದಿದ್ದಾದರೆ ಆಮೇಲೆ ಸೋತೆ ಅಂತ ತಾನೇ ಆಯಿತು? ನಾನು ಎರಡು ಸಲವೂ ಮಾಡಿದ್ದು ಒಂದೇ: ಹೇಳಿದ ದಿನ ಹೋದೆ, ಚುಚ್ಚಿಸಿಕೊಂಡೆ, ವಾಂತಿ ಮಾಡಿದೆ, ಮತ್ತೆ ಹೋದೆ.

ಕೇಕ್ ತಿಂದಿದ್ದಕ್ಕೆ ಪಶ್ಚಾತ್ತಾಪ ಇದೆಯಾ ಅಂದರೆ ಇಲ್ಲ. ಆ ಎರಡು ವರ್ಷ ಸುಮ್ನೆ ಬಂದಿದ್ದಲ್ಲ, ಅದರಲ್ಲಿ ಮಗನ ಮದುವೆ ಮಾಡಿದ್ದೇನೆ. ಫ್ಲೆಕ್ಸ್ ಮಾತ್ರ ಹಾಕಿಸಬೇಡಿ ತಾಯಿ. ಅದನ್ನು ಕಟ್ಟುವವರು ಕಟ್ಟಿ ಮನೆಗೆ ಹೋಗುತ್ತಾರೆ. ಆರಾರು ತಿಂಗಳಿಗೆ ಸ್ಕ್ಯಾನ್ ರಿಪೋರ್ಟ್ ಹಿಡಿದುಕೊಂಡು ಅದರ ಕೆಳಗೇ ಓಡಾಡಬೇಕಾದವರು ನೀವು.

ಸೋಮವಾರಪೇಟೆಯವ:

ಟೀಚರ್, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಆದರೂ ಕೇಳುತ್ತೇನೆ. ನಿಮಗೆ ವಾಪಸ್ ಬಂದ ಮೇಲೂ ನೀವು ಪಾಠ ಮಾಡಿದ್ದು, ಓಡಾಡಿದ್ದು ಆ ಮಕ್ಕಳು ನೋಡಿದ್ದಾರಲ್ಲ, ಅದೂ ಊರಿಗೆ ಗೊತ್ತಾಗಬೇಕಾದ ವಿಷಯವೇ ಅಲ್ವಾ?

ಪಾಲಿಬೆಟ್ಟದ ಟೀಚರ್:

ಹೌದು. ಅದಕ್ಕೆ ಯಾರೂ ಕೇಕ್ ತರಲಿಲ್ಲ ಅಷ್ಟೆ 🙂

ನಿವೃತ್ತ ಸಿಸ್ಟರ್, ಮಡಿಕೇರಿ:

ಕ್ಯಾನ್ಸರ್ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಎರಡು ಮೂರು ವಿಷಯ ಹೇಳುತ್ತೇನೆ, ಗೊತ್ತಿದ್ದವರು ದಾಟಿ ಮುಂದೆ ಹೋಗಿ.

ಆ ಗಂಟೆಯನ್ನು ನೋಡಿದರೆ ನಮ್ಮವರಿಗೆ ದೇವಸ್ಥಾನ ನೆನಪಾಗುತ್ತದೆ. ಅದು ಬಂದಿದ್ದು ಹಡಗಿನಿಂದ. 1996ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇರ್ವ್ ಲೆ ಮೊಯ್ನ್ ಅನ್ನುವ ನೌಕಾಪಡೆಯ ರಿಯರ್ ಅಡ್ಮಿರಲ್ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ರೇಡಿಯೇಷನ್ ತೆಗೆದುಕೊಳ್ಳುತ್ತಿದ್ದರು. ನೌಕಾಪಡೆಯಲ್ಲಿ ಒಂದು ಕೆಲಸ ಮುಗಿದರೆ ಗಂಟೆ ಬಾರಿಸುವ ರೂಢಿ ಇದೆ. ಅವರೂ ಚಿಕಿತ್ಸೆ ಮುಗಿದಾಗ ಒಂದು ಹಿತ್ತಾಳೆ ಗಂಟೆ ತಂದು ಬಾರಿಸಿ, ಅದನ್ನು ಆಸ್ಪತ್ರೆಗೇ ಕೊಟ್ಟರು. ಅಲ್ಲಿಂದ ಎಲ್ಲ ಕಡೆ ಹರಡಿತು. ಅವರು ಬಾರಿಸಿದ್ದು ಒಪ್ಪಿಕೊಂಡ ಕೆಲಸ ಮುಗಿಸಿದೆ ಅಂತ. ಕಾಯಿಲೆ ಇನ್ನು ಬರುವುದಿಲ್ಲ ಅಂತ ಹೇಳುವುದು ಯಾವ ಗಂಟೆಗೂ ಸಾಧ್ಯವಿಲ್ಲ.

ಈ ಗಂಟೆ ಒಳ್ಳೇದಾ ಅಂತ 2019ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ರೇಡಿಯೇಷನ್ ಮುಗಿಸಿದವರನ್ನು ಕೇಳಿ ನೋಡಿದ್ದಾರೆ. ಬಾರಿಸಿದವರಿಗೆ ಚಿಕಿತ್ಸೆಯ ಕಷ್ಟ ಕಡಿಮೆ ನೆನಪಿರುತ್ತದೆ ಅಂತ ಅವರ ಅಂದಾಜು. ಬಂದಿದ್ದು ಉಲ್ಟಾ. ಬಾರಿಸಿದವರೇ ಆ ದಿನಗಳನ್ನು ಹೆಚ್ಚು ಸಂಕಟದ್ದಾಗಿ ನೆನಪಿಟ್ಟುಕೊಂಡಿದ್ದರು. ಭಾವನೆ ಉಕ್ಕಿದ ಗಳಿಗೆಯಲ್ಲಿ ಹಿಂದಿನದೆಲ್ಲ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಅಂತ ಅವರ ವಿವರಣೆ. ಒಂದು ಅಧ್ಯಯನದಿಂದ ಎಲ್ಲರಿಗೂ ಹೀಗೇ ಅನ್ನಬಾರದು. ಗಂಟೆಗಾಗಿಯೇ ದಿನ ಎಣಿಸಿದ ಮಕ್ಕಳನ್ನು ನಾನು ನೋಡಿದ್ದೇನೆ. ಆದರೆ ಗೋಣಿಕೊಪ್ಪದವರೇ, "ಎಲ್ಲರೂ ಖುಷಿಯಾಗಿದ್ದಾರೆ, ನನಗೊಬ್ಬಳಿಗೆ ಯಾಕೆ ಹೀಗೆ" ಅಂದುಕೊಳ್ಳಬೇಡಿ.

ಇನ್ನೊಂದು ಮಾತು ಮನೆಯವರು ಓದಬೇಕು. ಟ್ರೀಟ್‌ಮೆಂಟ್ ನಡೆಯುವಾಗ ಗಟ್ಟಿಯಾಗಿದ್ದವರು ಮುಗಿದ ಮೇಲೆ ಕುಸಿಯುವುದು ತುಂಬಾ ಸಾಮಾನ್ಯ. ಅಲ್ಲಿಯವರೆಗೆ ಡಾಕ್ಟರ್, ಸಿಸ್ಟರ್, ಪಕ್ಕದ ಕುರ್ಚಿಯವರು ಅಂತ ಒಂದು ಕಾವಲು ಇರುತ್ತದೆ. ಏನಾದರೂ ಆದರೆ ಹೇಳೋಕೆ ಜನ ಇರುತ್ತಾರೆ. ಒಂದು ದಿನ "ಮೂರು ತಿಂಗಳು ಬಿಟ್ಟು ಬನ್ನಿ" ಅನ್ನುತ್ತಾರೆ, ಮನೆಗೆ ಬಂದರೆ ಸುತ್ತ ಕಾಫಿ ಗಿಡ, ಮಂಜು. ಸುಸ್ತು ತಿಂಗಳುಗಟ್ಟಲೆ ಇರಬಹುದು. ಕೆಲವು ಕೀಮೋ ಔಷಧಿಗಳಿಂದ ಬೆರಳ ತುದಿ ಜೋಮು ಹಿಡಿದ ಹಾಗೆ ಇರುತ್ತದೆ. ಮರೆವೂ ಇರುತ್ತದೆ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ, ನಾಲ್ಕು ಮತ್ತು ಐದನೇ ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ವರ್ಷಕ್ಕೊಮ್ಮೆ. ಹಾರ್ಮೋನ್ ಮಾತ್ರೆ ಕೆಲವರಿಗೆ ಐದು ವರ್ಷ, ಕೆಲವರಿಗೆ ಹತ್ತರವರೆಗೂ. "ಫಂಕ್ಷನ್ ಆಯ್ತಲ್ಲ, ಇನ್ನೇನು, ಮೊದಲಿನ ಹಾಗೆ ಇರು" ಅಂತ ಮನೆಯಲ್ಲಿ ಶುರುವಾದರೆ ಕಷ್ಟ. ಶಾಲು ಹೊದಿಸಿಕೊಂಡ ಮರುದಿನ "ಆಗುತ್ತಿಲ್ಲ" ಅಂತ ಹೇಳೋದು ಸುಲಭ ಅಲ್ಲ.

ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. ಯಾವಾಗ, ಎಷ್ಟು ಜನ, ಎಷ್ಟು ಹೊತ್ತು ಅನ್ನೋದನ್ನ ನೀವು ಹೇಳಿ, ಅವರು ಕೇಳಲಿ.

ಬೆಂಗಳೂರಲ್ಲಿರೋ ಮಗಳು:

ಆಂಟಿ, ನಾನು ಆ ಕಡೆಯಿಂದ ಮಾತಾಡುತ್ತೇನೆ, ಅಂದರೆ ನಿಮ್ಮ ಮೈದುನನ ಕಡೆಯಿಂದ. ಯಾರೂ ಅವರ ಪರ ಇಲ್ಲ ಪಾಪ.

ನನ್ನ ಅಮ್ಮನಿಗೆ ಓವರಿ ಕ್ಯಾನ್ಸರ್ ಆಗಿತ್ತು. ಟ್ರೀಟ್‌ಮೆಂಟ್ ಮುಗಿದಾಗ ಅಮ್ಮ ಏನೂ ಬೇಡ ಅಂದರು. ನಾವು ಒಪ್ಪಿಕೊಂಡೆವು. ಮಾರನೇ ದಿನ ಅಪ್ಪ ತೋಟಕ್ಕೆ ಹೋದರು, ನಾನು ಬಸ್ ಹತ್ತಿದೆ. ಅಷ್ಟೆ. ನಾನು ಆಫೀಸಿನ ಟಾಯ್ಲೆಟ್‌ನಲ್ಲಿ ಕೂತು ಅತ್ತಿದ್ದು, ಅಪ್ಪ ಮೈಸೂರಿನ ಲಾಡ್ಜ್‌ನಲ್ಲಿ ಒಬ್ಬರೇ ಕೀಮೋದ ಡೇಟ್‌ಗಳನ್ನು ಕ್ಯಾಲೆಂಡರ್ ಮೇಲೆ ಗೀಚುತ್ತಿದ್ದದ್ದು, ಅಣ್ಣ ದುಡ್ಡಿಗಾಗಿ ಮರ ಮಾರಿದ್ದು, ಇದಕ್ಕೆಲ್ಲ ಒಂದು ಮುಕ್ತಾಯ ಅಂತ ಇರಲೇ ಇಲ್ಲ. ಇವತ್ತಿಗೂ ನಮ್ಮ ಮನೆಯಲ್ಲಿ ಆ ವರ್ಷದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಮ್ಮನಿಗೆ ಅದು ಸರಿಯಾಗಿತ್ತೇನೋ, ಅವರ ಮೈ, ಅವರ ಇಷ್ಟ. ನಮಗೆ ಎಲ್ಲೋ ಗಂಟಲಲ್ಲೇ ಉಳಿದುಹೋಯಿತು.

ಮುನ್ನೂರು ಜನ, ಫ್ಲೆಕ್ಸ್ ಎಲ್ಲ ಓವರ್ ಆಯಿತು, ಒಪ್ಪುತ್ತೇನೆ. ಆದರೆ ಗಂಡಸರಿಗೆ, ಅದರಲ್ಲೂ ನಮ್ಮ ಕಡೆಯ ಗಂಡಸರಿಗೆ, "ಹೆದರಿಬಿಟ್ಟಿದ್ದೆ ಅತ್ತಿಗೆ" ಅಂತ ಬಾಯಿ ಬಿಟ್ಟು ಹೇಳೋಕೆ ಬರುವುದಿಲ್ಲ. ಹಾಲ್ ಬುಕ್ ಮಾಡೋಕೆ ಬರುತ್ತದೆ. ಸನ್ಮಾನ ಬೇಕೇ ಬೇಕು ಅಂದರೆ ನಿಮಗಲ್ಲ, ನಿಮಗಾಗಿ ಓಡಾಡಿದವರಿಗೆ ಮಾಡಿ ಅಂತ ಹೇಳಿ ನೋಡಿ. ನೀವೇ ಅವರ ಕೈಗೆ ಏನಾದರೂ ಕೊಡಿ.

ನಾಪೋಕ್ಲು ಕಡೆಯವನು:

ನಾನು ಜಾಸ್ತಿ ಬರೆಯುವವನಲ್ಲ. ನಿಮ್ಮ ಪಿರಿಯಾಪಟ್ಟಣದವರ ವಿಷಯ ಓದಿದ್ದಕ್ಕೆ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಅವರ ಹಾಗೆಯೇ. ಮೂರು ವಾರಕ್ಕೊಮ್ಮೆ ಹೋಗಬೇಕು. ಎಲ್ಲಿಯವರೆಗೆ ಅಂತ ನಾವು ಕೇಳುವುದನ್ನು ಬಿಟ್ಟಿದ್ದೇವೆ. ಅಲ್ಲೂ ಗಂಟೆ ಇದೆ. ಬಾರಿಸಿದಾಗ ವಾರ್ಡಿನಲ್ಲಿರುವವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಇವಳ ಒಂದು ಕೈಯಲ್ಲಿ ಸೂಜಿ ಇರುತ್ತದೆ, ಇನ್ನೊಂದು ಕೈಯಿಂದ ಕುರ್ಚಿ ತಟ್ಟುತ್ತಾಳೆ. ಚಿಕ್ಕ ಹುಡುಗಿಯರು ಬಾರಿಸಿದರೆ ನಿಜವಾಗಿ ಖುಷಿ ಪಡುತ್ತಾಳೆ. ಆಮೇಲೆ ಕಾರಿನಲ್ಲಿ ಬೈಲುಕುಪ್ಪೆ ದಾಟುವವರೆಗೂ ಮಾತಾಡುವುದಿಲ್ಲ. ಎರಡೂ ನಿಜ. ಒಂದನ್ನು ತೆಗೆದರೆ ಇನ್ನೊಂದು ಸರಿಹೋಗುತ್ತದೆ ಅಂತ ನನಗೆ ಅನಿಸುವುದಿಲ್ಲ. ಗಂಟೆಯನ್ನು ವಾರ್ಡಿನಿಂದ ದೂರ, ಹೊರಗಿನ ಬಾಗಿಲ ಹತ್ತಿರ ಇಟ್ಟರೆ ಒಳ್ಳೇದು ಅಂತ ಮಾತ್ರ ಒಮ್ಮೆ ಹೇಳಿದ್ದಳು.

ಅವಳಿಗೆ ನಿಜವಾಗಿ ನೋವಾಗಿದ್ದು ಗಂಟೆಯಿಂದ ಅಲ್ಲ. ಅಲ್ಲಿ ಜೊತೆಗಿದ್ದ ಒಬ್ಬರು, ದಿನಾ ಮೆಸೇಜ್ ಮಾಡುತ್ತಿದ್ದವರು, ತಮ್ಮದು ಮುಗಿದ ಮೇಲೆ ಸುಮ್ಮನಾದರು. ಪಾಪ, ಅವರಿಗೂ ಏನು ಮಾತಾಡಬೇಕೋ ತಿಳಿಯಲಿಲ್ಲವೇನೋ. ನೊಂದುಕೊಳ್ಳುತ್ತಾಳೆ ಅಂತ ತಮ್ಮ ಖುಷಿಯನ್ನು ಇವಳಿಂದ ಮುಚ್ಚಿಟ್ಟರು. ಇವಳು "ನಾನು ಆಗಲೇ ಸತ್ತೆ ಅಂದುಕೊಂಡಿದ್ದಾರಾ" ಅಂತ ಕೇಳಿದಳು ನನ್ನನ್ನು.

ನೀವು ಫಂಕ್ಷನ್ ಮಾಡಿ, ಬಿಡಿ. ಅವರಿಗೆ ಫೋನ್ ಮಾಡಿದ್ದೀರಾ?

ಗೋಣಿಕೊಪ್ಪದಾಕೆ:

ಎಲ್ಲರಿಗೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ.

ನಾಪೋಕ್ಲು ಅಣ್ಣ, ನಿಮ್ಮದು ಓದಿ ಅವತ್ತೇ ಸಂಜೆ ಫೋನ್ ಮಾಡಿದೆ. ನಾನು ಹೇಗೆ ಶುರು ಮಾಡಲಿ ಅಂತ ಯೋಚಿಸುವಷ್ಟರಲ್ಲಿ ಅವರೇ ಶುರು ಮಾಡಿದರು: ಹೊಗೆಸೊಪ್ಪಿನ ರೇಟು, ಹರಾಜಿಗೆ ಹೋದ ಗಂಡ ಬೆಳಿಗ್ಗೆಯಿಂದ ಬಂದಿಲ್ಲ, ಹೊಸ ಔಷಧಿಗೆ ಬಾಯಿಹುಣ್ಣು ಆಗಿದೆ, ನಿಮ್ಮ ಕಿತ್ತಳೆ ಈ ವರ್ಷ ಬಿಟ್ಟಿದೆಯಾ. ಊಟದ ವಿಷಯ ಹೇಳಿದೆ. "ನನ್ನನ್ನು ಕರೆಯೋದಿಲ್ವಾ?" ಅಂದರು. ಹಂದಿ ತಿನ್ನುವುದಿಲ್ಲವಂತೆ, ಕೋಳಿ ಮಾಡಿಸಬೇಕಂತೆ. ರಕ್ತದ ಕೌಂಟ್ ಸರಿ ಇದ್ದರೆ ಮಗಳ ಜೊತೆ ಬರುತ್ತಾರೆ. ವಿಡಿಯೋದಲ್ಲಿ ಅವರ ಕುರ್ಚಿ ಕಾಣುವ ವಿಷಯ ಮಾತ್ರ ಹೇಳಲಿಲ್ಲ. ಅದು ನನ್ನ ಹತ್ತಿರ ಇರಲಿ.

ಸ್ಟೇಜ್, ಶಾಲು, ಪರದೆ ಎಲ್ಲ ಕ್ಯಾನ್ಸಲ್. ಮಾದಾಪುರದವರೇ, ನಿಮ್ಮ ಐಡಿಯಾನೇ ಕೆಲಸ ಮಾಡಿದ್ದು. "ಸೋಮವಾರಪೇಟೆ, ಮಾದಾಪುರದ ಕಡೆಯವರು ಕುಯ್ಲು ಬಿಟ್ಟು ಬರುತ್ತಾರಾ" ಅಂದೆ, ಮೈದುನ ಐದು ನಿಮಿಷದಲ್ಲಿ ನೂರು ಜನ ಕಡಿಮೆ ಮಾಡಿದ. ಆಮೇಲೆ ಬೆಂಗಳೂರು ಮಗಳು ಹೇಳಿದ್ದನ್ನು ಹೇಳಿದೆ. ಕೀಮೋ ಸಮಯದಲ್ಲಿ ರಾತ್ರಿ ಜ್ವರ ಏರಿ, ಆನೆಚೌಕೂರು ಕಾಡಿನ ರಸ್ತೆಯಲ್ಲಿ ಆನೆ ನಿಂತಿದ್ದರೂ ಹೆದರದೆ ನನ್ನನ್ನು ಮೈಸೂರಿಗೆ ಮುಟ್ಟಿಸಿದ ಜೀಪಿನ ಹುಡುಗ, ರಕ್ತ ಕೊಟ್ಟ ಮೂವರು, ನಮ್ಮ ತೋಟ ನೋಡಿಕೊಂಡ ಪಕ್ಕದ ಮನೆಯವರು, ತೋಟದ ಕೆಲಸದವರ ಲೈನ್‌ಮನೆಯಿಂದ ಬಂದು ದಿನಾ ಗಂಜಿ ಮಾಡಿಟ್ಟ ಹೆಂಗಸು. ಸನ್ಮಾನ ಮಾಡೋದಾದರೆ ಇವರಿಗೆ ಮಾಡು ಅಂದೆ. ಅವನು ಎದ್ದು ಹೊರಗೆ ಹೋದ. ಸಿಟ್ಟು ಬಂತು ಅಂದುಕೊಂಡೆ. ವಾಪಸ್ ಬಂದಾಗ ಕಣ್ಣು ಕೆಂಪಗಿತ್ತು. ಜೀಪಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದವನು ಅವನೇ.

ಹಾಗಾಗಿ ಪುತ್ತರಿಗೆ ಐನ್‌ಮನೆಯಲ್ಲಿ ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ದೀಪದ ಮುಂದೆ ಎಲ್ಲರ ಜೊತೆ ನಿಲ್ಲುತ್ತೇನೆ, ಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಮೀದಿ (ಎಡೆ) ಇಡುತ್ತಾರೆ, ಅಲ್ಲಿ ನನ್ನ ಹೆಸರು ಹೇಳುವುದಾದರೆ ಹೇಳಲಿ. ಅದರಲ್ಲಿ ಗೆದ್ದೆ, ಸೋತೆ ಅನ್ನೋದು ಬರುವುದಿಲ್ಲ, ಕಾಪಾಡಿದ್ದೀರಿ, ಇನ್ನು ಮುಂದೂ ನೋಡಿಕೊಳ್ಳಿ ಅಂತ ಅಷ್ಟೇ. ಭಾನುವಾರ ಮನೆಯಲ್ಲೇ ಊಟ, ನಲವತ್ತು ಜನ ಆಗಬಹುದು. ಸುಸ್ತಾದರೆ ಒಳಗೆ ಹೋಗಿ ಮಲಗುತ್ತೇನೆ ಅಂತ ಮೊದಲೇ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ, ಸಿಸ್ಟರ್.

ಸೋಮವಾರಪೇಟೆ ತಮ್ಮ, ನಿಮ್ಮ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮಹಿಳಾ ಸಂಘದಲ್ಲಿ ಮಾತಾಡು ಅಂತ ಓರಗಿತ್ತಿ ಹೇಳುತ್ತಿದ್ದಾಳೆ. ಗಂಟು ಹೇಗಿತ್ತು, ನೋವು ಇರಲಿಲ್ಲ, ನೋವಿಲ್ಲ ಅಂತಲೇ ಎಷ್ಟು ದಿನ ಬಿಟ್ಟಿದ್ದೆ, ಇಷ್ಟನ್ನು ಹೇಳಬಹುದು ಅನಿಸುತ್ತದೆ. ಆದರೆ ಈಗಲೇ ಬೇಡ. ಅತ್ತೆ ಅಂತೂ ನನಗೆ ಕಾಯುತ್ತಿಲ್ಲ, ವಿರಾಜಪೇಟೆ ಸಂತೆಯಲ್ಲಿ ಸಿಕ್ಕವರಿಗೆಲ್ಲ "ನಮ್ಮ ಸೊಸೆಗೆ ಕ್ಯಾನ್ಸರ್ ಆಗಿತ್ತು, ನೀವೂ ನೋಡಿಕೊಳ್ಳಿ" ಅಂತ ಹೇಳುತ್ತಿದ್ದಾರಂತೆ. ಮಗಳ ಮದುವೆ ಚಿಂತೆ ಎಲ್ಲಿ ಹೋಯಿತೋ! ಕೇಳಿದರೆ "ಅಷ್ಟಕ್ಕೇ ಬೇಡ ಅನ್ನುವ ಮನೆಗೆ ನಾವ್ಯಾಕೆ ಕೊಡಬೇಕು" ಅನ್ನುತ್ತಾರೆ.

ಫ್ಲೆಕ್ಸ್ ಮಾತ್ರ ಪ್ರಿಂಟ್ ಆಗಿಬಿಟ್ಟಿತ್ತು. ಸೌದೆ ಮೇಲೆ ಮುಚ್ಚಿದ್ದಾರೆ, ಮುಖ ಒಳಗೆ ಮಾಡಿ.

ಟೀಚರ್, ನಿಮಗೆ ಬೇರೆಯಾಗಿ ಬರೆಯುತ್ತೇನೆ. ಭಾನುವಾರ ಬನ್ನಿ. ಕೇಕ್ ನಾನು ತರಿಸುತ್ತೇನೆ.

ಸಿಸ್ಟರ್, ಒಂದು ಪ್ರಶ್ನೆ. ನನಗೆ ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ನಮ್ಮದು ರೋಬಸ್ಟಾ ಕಾಫಿ, ಕುಯ್ಲು ಜನವರಿಯಲ್ಲಿ ಶುರು. ಸ್ವಲ್ಪ ಹೊತ್ತು ಕಾಫಿ ಕುಯ್ಯೋಕೆ ಹೋಗಬಹುದಾ? ಮನೆಯಲ್ಲಿ ಕೂತು ಕೂತು ತಲೆ ಕೆಡುತ್ತಿದೆ.

ನಿವೃತ್ತ ಸಿಸ್ಟರ್, ಮಡಿಕೇರಿ:

ನಿಮ್ಮ ಸರ್ಜನ್ ಕೈಗೆ ಹೇಳಿಕೊಟ್ಟ ವ್ಯಾಯಾಮ ಸರಿಯಾಗಿ ಆಗುತ್ತಿದ್ದರೆ, ಅವರನ್ನು ಒಂದು ಮಾತು ಕೇಳಿ ಹೋಗಿ. ಕೈ ಸುಮ್ನೆ ಇಡೋದಕ್ಕಿಂತ ನಿಧಾನವಾಗಿ ಬಳಸೋದೇ ಒಳ್ಳೇದು. ಮೊದಲು ಸ್ವಲ್ಪ ಹೊತ್ತು, ಆಮೇಲೆ ಜಾಸ್ತಿ ಮಾಡಿ. ತುಂಬಿದ ಚೀಲ ಆ ಕೈಯಲ್ಲಿ ಎತ್ತಬೇಡಿ. ಉದ್ದ ತೋಳಿನ ಅಂಗಿ, ಗ್ಲೌಸ್ ಹಾಕಿಕೊಳ್ಳಿ. ಗೀರು, ಇರುವೆ ಕಡಿತ ಆದರೆ ಸೋಪು ಹಾಕಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ಕೈ ಭಾರ ಅನಿಸಿದರೆ, ಬಳೆ ಬಿಗಿಯಾದರೆ ತೋರಿಸಿ, ಕಂಕುಳಿನ ಗಂಟು ತೆಗೆದವರಿಗೆ ಆ ಕೈ ಊದಬಹುದು, ಬೇಗ ಚಿಕಿತ್ಸೆ ಶುರು ಮಾಡಿದರೆ ಊತವನ್ನು ಹತೋಟಿಗೆ ತರಬಹುದು. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ಅವತ್ತೇ ಹೋಗಿ. ಜೀಪಿನ ಹುಡುಗನ ನಂಬರ್ ಹೇಗೂ ಇದೆಯಲ್ಲ.